ಬಸ್ಸಿನ ಜೊತೆ ತಿರುಗುವವರು

ಬುಕೋಬಾದಿಂದ ಹಿಂತಿರುಗಿದ ಮರುದಿನ ಬೆಳಿಗ್ಗೆ ಕೆಮಿಗೆ ಮಾಡಲು ಏನೂ ಇರಲಿಲ್ಲ. ಗಂಡನನ್ನು ಅವನ ಊರಿನಲ್ಲಿ ಮಣ್ಣು ಮಾಡಿ ಆಗಿತ್ತು. ಊರಿನವರು ಅತ್ತು, ಹಾಡಿ, ಬಾಳೆಕಾಯಿ ಬೇಯಿಸಿ ಬಡಿಸಿ, ಅವಳನ್ನು ದಾರ್ ಎಸ್ ಸಲಾಮಿಗೆ ಕಳಿಸಿಕೊಟ್ಟಿದ್ದರು. ಬಾಡಿಗೆ ಮನೆಯ ಅಂಗಳದಲ್ಲಿ ದುಃಖಕ್ಕೆ ಬಂದವರಿಗೆಂದು ಹಾಸಿದ್ದ ಚಾಪೆಗಳನ್ನು ನೆರೆಯವರು ಸುತ್ತಿಕೊಂಡು ಹೋಗಿದ್ದರು. ಪಕ್ಕದ ಮನೆಯ ರೇಡಿಯೊ ಹಾಡುತ್ತಿತ್ತು. ನೀರಿನ ಗಾಡಿಯವನು ಕೂಗಿ ಹೋದ. ಎಲ್ಲವೂ ಎಂದಿನಂತೆಯೇ ಇತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಕಸ ಗುಡಿಸಲು ಬಾಗಿಲನ್ನು ಸರಿಸಿದಾಗ ಹಿಂದೆ ಸ್ಟೂಲು ಕಂಡಿತು. ಮೂರು ಕಾಲಿನ ಗಿಡ್ಡ ಸ್ಟೂಲು, ಕೂತು ಕೂತು ನಡು ಸವೆದಿತ್ತು. ಸಾಯುವ ಹಿಂದಿನ ಸಂಜೆ ಮುತಯೋಬ ಅದನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದಿದ್ದ.

"ಇದೇನು, ಅಚ್ಚುಕೂಟದಲ್ಲಿ ಸಂಬಳದ ಬದ್ಲು ಸ್ಟೂಲು ಕೊಟ್ರಾ?" ಎಂದು ಅವಳು ನಕ್ಕಿದ್ದಳು.

"ಬಸ್ಸಲ್ಲಿ ಬರೋ ಒಬ್ಬ ಅಜ್ಜೀದು. ನಾಳೆ ವಾಪಸ್ ಕೊಡ್ತೀನಿ."

"ನಿನಗ್ಯಾಕೆ ಕೊಟ್ಳು?"

ಅವನು ಸ್ಟೂಲನ್ನು ಬಾಗಿಲ ಹಿಂದೆ ಇಟ್ಟ. ಊಟ ಆರಿಹೋಯಿತು ಎಂದು ಅವಳು ಸಿಡುಕುತ್ತಿರುವಾಗಲೇ, ಶೂ ಬಿಚ್ಚದೆಯೇ ಮಲಗಿಬಿಟ್ಟ. ಬೆಳಕು ಹರಿಯುವ ಮೊದಲೇ ಅವನ ಉಸಿರು ನಿಂತಿತ್ತು.

ಅಂಗಳಕ್ಕೆ ಬಂದವರೂ ಮಣ್ಣಿಗೆ ಬಂದವರೂ ಕೇಳಿದ್ದು ಒಂದೇ ಮಾತು: ಹುಷಾರಿರಲಿಲ್ಲವಾ? ಇಲ್ಲ, ಚೆನ್ನಾಗಿಯೇ ಇದ್ದ ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಈಗ ಸ್ಟೂಲಿನ ಮುಂದೆ ನಿಂತಾಗ ಆ ಉತ್ತರ ಸರಿಯೋ ತಪ್ಪೋ ತಿಳಿಯಲಿಲ್ಲ. ತಿಳಿದವಳು ಆ ಅಜ್ಜಿ ಒಬ್ಬಳೇ. ಅವಳ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಗೊತ್ತಿದ್ದದ್ದು ಅವಳೂ ಮುತಯೋಬನ ಬಸ್ಸಿನವಳು ಎಂಬುದಷ್ಟೇ. ಕೆಮಿ ಪೊರಕೆಯನ್ನು ಅಲ್ಲೇ ಬಿಟ್ಟು ಸ್ಟೂಲು ಎತ್ತಿಕೊಂಡಳು.

ಬನಾನಾ ನಿಲ್ದಾಣದಲ್ಲಿ ಜನ ರಸ್ತೆಯ ಮೇಲೇ ಚೆಲ್ಲಿದ್ದರು. ಕೆಮಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು. ಅವಳನ್ನು ಕಚೇರಿಯ ವ್ಯಾನೇ ಕರೆದುಕೊಂಡು ಹೋಗುತ್ತಿತ್ತು. ಮುತಯೋಬನ ಅಚ್ಚುಕೂಟವಿದ್ದ ಕರಿಯಾಕೂ ಕಡೆಯ ಬಸ್ಸಿಗೆ ಬೆಳಗಿನ ಹೊತ್ತಿನಲ್ಲಿ ಅವಳು ಕಾದಿದ್ದೇ ಇಲ್ಲ. ಒಂದು ಬಸ್ಸು ಬಂತು, ನಿಲ್ಲಲಿಲ್ಲ. ಇನ್ನೊಂದು ನಿಧಾನವಾದಂತೆ ಮಾಡಿ, ಜನ ಓಡಿ ಬಂದ ಮೇಲೆ ಜೋರಾಗಿ ಹೋಯಿತು. ಮತ್ತೊಂದರ ಬಾಗಿಲಲ್ಲಿ ಆಗಲೇ ಗಂಡಸರು ಗೊಂಚಲಾಗಿ ಜೋತುಬಿದ್ದಿದ್ದರು.

"ಎಲ್ಲಾ ತುಂಬ್ಕೊಂಡೇ ಬರ್ತಿವೆಯಲ್ಲ ಅಕ್ಕ, ಇಷ್ಟು ಜನ ಎಲ್ಲಿ ಹತ್ತಿದ್ರು?" ಎಂದು ಪಕ್ಕದಲ್ಲಿ ಕಾಂಗಾ ಹೊದ್ದು ನಿಂತಿದ್ದ ಹೆಂಗಸನ್ನು ಕೇಳಿದಳು.

"ಇಲ್ಲೇ ಹತ್ತಿದ್ದು. ಎದುರುಗಡೆ. ಗೊಂಗೊ ಲ ಎಂಬೊಟೊ ಕಡೆ ಹೋಗೋ ಬಸ್ ಹತ್ತಿ, ಸೀಟು ಹಿಡಿದು, ಕೊನೇ ನಿಲ್ದಾಣದಲ್ಲಿ ಇಳೀದೆ, ಬಸ್ಸಿನ ಜೊತೇಲೇ ತಿರುಗಿ ಬರ್ತಾರೆ."

"ಹೋಗೋಕೂ ದುಡ್ಡು, ಬರೋಕೂ ದುಡ್ಡಾ?"

"ಮತ್ತೆ? ಒಂದ್ಸಲ ಕೂರೋಕೆ ಎರಡ್ಸಲ ದುಡ್ಡು."

"ಇದ್ಯಾವ ನ್ಯಾಯ?"

"ನ್ಯಾಯ ಬೇಕಾದ್ರೆ ಕೋರ್ಟಿಗೆ ಹೋಗು ತಾಯಿ. ಕರಿಯಾಕೂಗೆ ಹೋಗ್ಬೇಕಾದ್ರೆ ರಸ್ತೆ ದಾಟು."

ಕೆಮಿ ರಸ್ತೆ ದಾಟಿದಳು. ಈಚೆಗೆ ಮುತಯೋಬ ಕತ್ತಲಿರುವಾಗಲೇ ಏಕೆ ಹೊರಡುತ್ತಿದ್ದ ಎಂಬುದು ದಾಟುವಾಗಲೇ ಹೊಳೆಯಿತು: ಅವನೂ ಸೀಟಿಗಾಗಿ ಹೀಗೇ ತಿರುಗಿ ಬರುತ್ತಿದ್ದ. ಆ ಹೊತ್ತಿನಲ್ಲಿ ಬಸ್ಸು ಖಾಲಿ ಇರುತ್ತೆ ಅಂದಿದ್ದ. ವಿಶ್ವವಿದ್ಯಾಲಯದ ದಿನಗಳಲ್ಲಿ ಬಾಗಿಲಿಗೆ ಜೋತುಬಿದ್ದು ನಗುತ್ತಾ ಬರುತ್ತಿದ್ದವನು. ಸೀಟಿಗೆ ಎರಡು ಪಟ್ಟು ಕೊಡುವ ಜಾತಿಯೇ ಅಲ್ಲ.

ಎದುರು ದಿಕ್ಕಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ಸೂದಿ ಅಂಗೈಯಲ್ಲಿ ನಾಣ್ಯ ಕುಲುಕುತ್ತಾ ಬಂದ. ತೆಳ್ಳಗಿನ, ಬಾಯಿ ಮುಚ್ಚದ ಹುಡುಗ.

"ಏನಕ್ಕ, ಮನೆ ಖಾಲಿ ಮಾಡ್ತಿದ್ದೀಯಾ? ಸೋಫಾ ಹಿಂದಿನ ಬಸ್ಸಲ್ಲಿ ಬರ್ತಿದೆಯಾ?"

ಜನ ನಕ್ಕರು. ಕೆಮಿ ನೋಟು ಚಾಚಿದಳು.

"ಸ್ಟೂಲಿಗೂ ಟಿಕೆಟ್ ಆಗುತ್ತೆ ನೋಡು, ಅದಕ್ಕೆ ಮೂರು ಕಾಲು..." ಎಂದವನು ಬಗ್ಗಿ ನೋಡಿದ. "ಏ, ಇದು ನಮ್ಮ ಚೌಸಿಕು ಅಜ್ಜಿ ಸ್ಟೂಲು! ಈ ಕಾಲಿಗೆ ತಂತಿ ಸುತ್ತಿದ್ದು ನಾನೇ! ಕೊನೆಗೂ ಸೀಟು ಸಾಹೇಬ್ರು ವಾಪಸ್ ಕಳ್ಸಿದ್ರಾ?"

"ಯಾರು?"

"ಅದೇ, ಅಚ್ಚುಕೂಟದವ್ರು. ದಿನಾ ನಮ್ಮ ಜೊತೆ ತಿರುಗೋರು. ಸ್ಟೂಲು ಸಿಕ್ಕಿದ್ದೇ ಸಿಕ್ಕಿದ್ದು, ಮನುಷ್ಯ ನಾಪತ್ತೆ. ಅಜ್ಜಿ ಬಕೆಟ್ ಮೇಲೆ ಕೂತ್ಕೊಂಡು ಅವರಿಗೆ ಬಾಯಿಗೆ ಬಂದಂಗೆ ಬಯ್ತಾಳೆ."

"ಹೊಸ ಬಸ್ ಹಿಡಿದಿರ್ತಾನೆ. ಈಗ ಎಲ್ಲಿ ಬೇಕಾದ್ರೂ ಕೂರ್ಬಹುದಲ್ಲ!" ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು. ಮತ್ತೆ ನಗು.

"ಅವನು ನನ್ನ ಗಂಡ" ಎಂದಳು ಕೆಮಿ.

"ಹಾಗಾದ್ರೆ ಮನೇಲಿ ಸ್ವಲ್ಪ ಬುದ್ಧಿ ಹೇಳಕ್ಕ. ವಯಸ್ಸಾದವ್ರನ್ನ ನಿಲ್ಸಿ..."

"ಸತ್ತುಹೋದ."

ಆ ಪದವನ್ನು ಅವಳು ಈವರೆಗೆ ಬಾಯಲ್ಲಿ ಆಡಿರಲಿಲ್ಲ. ಅದನ್ನು ಅವಳ ಪರವಾಗಿ ಉಳಿದವರೇ ಆಡಿದ್ದರು. ಪಾದ್ರಿಗಳು, ಮಾವ, ನೆರೆಯವರು, ಅದೂ ಸುತ್ತುಬಳಸಿ.

"ಪೋಲೆ ಅಕ್ಕ" ಎಂದ ಸೂದಿ. ಆ ಸಂತಾಪದ ಮಾತು ಸೀಟಿನಿಂದ ಸೀಟಿಗೆ ದಾಟಿತು. ಪೋಲೆ, ಪೋಲೆ. ತಮಾಷೆ ಮಾಡಿದ್ದ ಹಿಂದಿನ ಸೀಟಿನವನು ಎಲ್ಲರಿಗಿಂತ ಮೆಲ್ಲಗೆ ಅಂದ. ಸೂದಿ ನೋಟು ತೆಗೆದುಕೊಂಡು, ಅಭ್ಯಾಸಬಲದಿಂದ "ಚಿಲ್ಲರೆ ಆಮೇಲೆ" ಎಂದುಬಿಟ್ಟ. ತಕ್ಷಣ ನಾಲಿಗೆ ಕಚ್ಚಿಕೊಂಡು, ಮುಂದಿನ ಸೀಟಿನವರಿಂದ ದುಡ್ಡು ಎತ್ತಿ, ಚಿಲ್ಲರೆ ತಂದು ಅವಳ ಕೈಯಲ್ಲಿಟ್ಟ.

"ಅಜ್ಜಿ ಉಕೊಂಗಾದಲ್ಲಿ ಹತ್ತೋದು. ತಿರುಗಿ ಬರುವಾಗ ಸಿಗ್ತಾಳೆ. ಕೂತಿರು, ನಾನು ನಿಲ್ಲಿಸ್ತೀನಿ."

ಕೊನೆಯ ನಿಲ್ದಾಣದಲ್ಲಿ ಬಸ್ಸು ಪೂರಾ ನಿಲ್ಲುವ ಮೊದಲೇ ಜನ ಮುತ್ತಿದರು. ಕಿಟಕಿಗಳಿಂದ ಚೀಲ ಬಿದ್ದವು, ಆಮೇಲೆ ಚೀಲದವರೂ ಬಂದರು. ಶಾಲೆಯ ಮಕ್ಕಳನ್ನು ಸೂದಿ ತಡೆದ. ಅವರದು ಕಮ್ಮಿ ದರ. ಇಬ್ಬರು ಅವನ ತೋಳಿನ ಕೆಳಗಿಂದ ನುಸುಳಿದರು. ಯಾರದೋ ಮೊಣಕೈ ಕೆಮಿಯ ಕುತ್ತಿಗೆಗೆ ಬಂತು, ಯಾರದೋ ಕೂಸು ಅವಳ ತೊಡೆಗೆ ಬಂತು. ನಿಂತವರ ಹೊರೆ ಕೂತವರು ಹಿಡಿಯಬೇಕು. ಕಾಲ ನಡುವೆ ಸ್ಟೂಲು, ಮೇಲೆ ಕೂಸು, ಕಿಟಕಿಯಾಚೆ ಏನೂ ಕಾಣದು. ಮುತಯೋಬ ದಿನವೂ ಇಲ್ಲೇ ಕೂತು ಏನು ಯೋಚಿಸುತ್ತಿದ್ದ? ಹೀಗೆ ಕೂರಬೇಕಾದಷ್ಟು ಯಾವಾಗಿನಿಂದ ಸೋತಿದ್ದ?

ಹಿಂದೆ ಅದೇ ದಾರಿಯ ಇನ್ನೊಂದು ಬಸ್ಸು ಹಾರ್ನ್ ಹೊಡೆಯುತ್ತಾ ಬಂತು. ಡ್ರೈವರ್ ವೇಗ ಹೆಚ್ಚಿಸಿದ. ಉಕೊಂಗಾದಲ್ಲಿ, ನಿಂತವರ ಸಂದಿಯಿಂದ, ಬಕೆಟ್ ಹಿಡಿದು ಕೈ ಎತ್ತಿದ ಒಬ್ಬ ಮುದುಕಿ ಕಂಡಳು.

ಸೂದಿ ಬಸ್ಸಿನ ಮೈ ಬಡಿದ. "ನಿಲ್ಸಣ್ಣ! ಚೌಸಿಕು ಅಜ್ಜಿ!"

"ಹಿಂದಿರೋನು ಎತ್ಕೊಳ್ಲಿ! ಬಕೆಟ್ಟಿಗೆ ಜಾಗ ಎಲ್ಲಿದೆ?"

"ಇವತ್ತೊಂದಿನ ನಿಲ್ಸು!"

ಬಸ್ಸು ನಿಲ್ಲಲಿಲ್ಲ, ಮುದುಕಿ ಹಿಂದೆ ಉಳಿದುಬಿಟ್ಟಳು. ಕೆಮಿ ಎದ್ದಳು. ಕೂಸನ್ನು ತಾಯಿಯ ಕೈಗೆ ಕೊಟ್ಟಳು.

"ಕೂರಕ್ಕ, ಎದ್ರೆ ಸೀಟು ಹೋಯ್ತು" ಎಂದ ಪಕ್ಕದವನು. "ಎರಡ್ಸಲ ದುಡ್ಡು ಕೊಟ್ಟಿದ್ದೀಯ!"

"ಇಳಿಸಿ!" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಇಳಿಸ್ರೀ!"

ಸ್ಟೂಲಿನ ಕಾಲು ಯಾರದೋ ಪಕ್ಕೆಗೆ ತಿವಿಯಿತು. ಬೈಗುಳ ಬಂತು. ಅವಳು ಹಿಂತಿರುಗಿ ನೋಡದೆ ನುಗ್ಗಿದಳು. ಬಸ್ಸು ಬಹಳ ಮುಂದೆ ಹೋಗಿ ನಿಧಾನವಾಯಿತು, ಸೂದಿ ಅವಳ ರಟ್ಟೆ ಹಿಡಿದು ಮರಳಿನ ಮೇಲೆ ಇಳಿಸಿದ. ಅವಳು ಓಡಿದಳು.

ಚೌಸಿಕುವಿನ ಕಣ್ಣು ಮೊದಲು ಹೋದದ್ದು ಸ್ಟೂಲಿನ ಮೇಲೆ.

"ಶಿಕಮೂ ಅಜ್ಜಿ" ಎಂದು ಕೆಮಿ ಹಿರಿಯರಿಗೆ ಸಲ್ಲುವ ವಂದನೆ ಹೇಳಿದಳು.

"ಮರಹಬಾ. ಎಲ್ಲಿ ಅವನು? ಮುಖ ತೋರ್ಸೋಕೆ ನಾಚ್ಕೆ ಆಗಿ ಹೆಂಡ್ತಿ ಕೈಲಿ ಕಳ್ಸಿದ್ನಾ? ನನ್ನ ಸೊಂಟ ಬಿದ್ದುಹೋಯ್ತು ಅಂತ ಹೇಳು."

ಕೆಮಿ ಹೇಳಿದಳು. ಈ ಸಲ ಆ ಪದ ಸಲೀಸಾಗಿ ಬಂತು. ಚೌಸಿಕು ಬಕೆಟ್ಟನ್ನು ಕೆಳಗಿಟ್ಟು, ದೇವರ ಹೆಸರು ಹೇಳಿಕೊಂಡು, ಕಾಂಗಾದ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಇದನ್ನ ಅವನಿಗ್ಯಾಕೆ ಕೊಟ್ರಿ ಅಜ್ಜಿ?"

"ನಿನಗೆ ಹೇಳ್ಲೇ ಇಲ್ವಾ?" ಮುದುಕಿ ಅವಳ ಮುಖವನ್ನೇ ದಿಟ್ಟಿಸಿದಳು. "ಬೆಳಿಗ್ಗೆ ಹೆಂಗೋ ದುಡ್ಡು ಸುರಿದು ಕೂತ್ಕೊಂಡು ಹೋಗ್ತಿದ್ದ. ಸಂಜೆ ಕರಿಯಾಕೂನಲ್ಲಿ ದುಡ್ಡು ಸುರಿದ್ರೂ ಸೀಟಿಲ್ಲ. ಅವತ್ತು ಕಂಬಿ ಹಿಡ್ಕೊಂಡು ನಿಂತಿದ್ದ. ಬುಗುರುನಿ ದಾಟೋ ಹೊತ್ತಿಗೆ ಮುಖ ಬೂದಿ. ಶರ್ಟು ತೊಯ್ದು ತೊಪ್ಪೆ. ಎಳೆದು ನನ್ನ ಸ್ಟೂಲ್ ಮೇಲೆ ಕೂರಿಸ್ದೆ. ಬೇಡ ಅಜ್ಜಿ, ಬೇಡ ಅಜ್ಜಿ ಅಂತಾನೆ ಇದ್ದ. ಗಂಡಸಲ್ವಾ, ನಾಚ್ಕೆ."

"ಮತ್ತೆ ಮನೆಗೆ ಯಾಕೆ ತಂದ?"

"ನಾನೇ ಕಳ್ಸಿದ್ದು. ನಮ್ಮ ಓಣಿ ಉದ್ದ ಅಂದಿದ್ದ. ತಗೊಂಡ್ಹೋಗು, ನಡುನಡುವೆ ಕೂತ್ಕೊಂಡು ಹೋಗು ಅಂದೆ. ಹೆಂಡ್ತಿಗೆ ಹೇಳು, ಡಾಕ್ಟ್ರಿಗೆ ತೋರ್ಸು ಅಂದೆ. ಅವಳಿಗೆ ಗೊತ್ತಾದ್ರೆ ಕೆಲ್ಸಕ್ಕೇ ಬಿಡಲ್ಲ ಅಜ್ಜಿ ಅಂದ."

ಬಿಡುತ್ತಿರಲಿಲ್ಲ. ಅದು ನಿಜ. ಕೆಮಿಯ ಕಣ್ಣಿಗೆ ತನ್ನ ಓಣಿ ಬಂತು. ದರ್ಜಿಯ ಅಂಗಡಿ, ಇದ್ದಿಲು ಮಾರುವವಳು, ಪಪಾಯಿ ಮರ. ಎಲ್ಲೆಲ್ಲಿ ಕೂತಿದ್ದ? ಅಂಗಳದ ಚಾಪೆಯಲ್ಲಿ ಕೂತು ಹುಷಾರಿರಲಿಲ್ಲವಾ ಎಂದು ಕೇಳಿದವರಲ್ಲಿ ಅವನನ್ನು ನೋಡಿದವರೂ ಇದ್ದರೋ ಏನೋ. ಇನ್ನೂ ಕೇಳುವುದಿತ್ತು: ಎಷ್ಟು ದಿನದಿಂದ, ನೋವು ಎಲ್ಲಿ ಅಂದ, ನನ್ನ ಬಗ್ಗೆ ಮತ್ತೇನು ಅಂದ. ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬಸ್ಸು ಧೂಳೆಬ್ಬಿಸಿಕೊಂಡು ಬಂದೇಬಿಟ್ಟಿತು.

"ಹತ್ತಿ ಹತ್ತಿ! ಬೇಗ ಅಜ್ಜಿ, ಮದುವೆಗೆ ಬಂದಿದ್ದೀಯಾ?" ಎಂದು ಅದರ ಕಂಡಕ್ಟರ್ ಕೂಗಿದ.

"ನಿನ್ನ ಮದುವೆಗೇ ಕಣೋ ಕತ್ತೆ, ಹೆಣ್ಣು ಸಿಕ್ಕಿದ್ರೆ!" ಚೌಸಿಕು ಆಗಲೇ ಬಕೆಟ್ ಎತ್ತಿ ಓಡುತ್ತಿದ್ದಳು. ಈ ಬಸ್ಸು ಬಿಟ್ಟರೆ, ಬಕೆಟ್ಟಿನಲ್ಲಿ ಒಯ್ದು ಮಾರುವ ಅವಳ ಗಂಜಿ ಕೊಳ್ಳುವವರೆಲ್ಲ ಬೇರೆ ಕಡೆ ಹೋಗುತ್ತಾರೆ. ಕೆಮಿ ಹಿಂದಿನಿಂದ ಸೊಂಟಕ್ಕೆ ಕೈಕೊಟ್ಟು ನೂಕಿದಳು. ಒಳಗಿನಿಂದ ಯಾರೋ ಎಳೆದುಕೊಂಡರು. ಬಾಗಿಲು ಜನರಿಂದ ಮುಚ್ಚಿಹೋಯಿತು. ಬಸ್ಸು ಹೊರಟಿತು. ಸ್ಟೂಲು ಕೆಮಿಯ ಕೈಯಲ್ಲೇ ಇತ್ತು.

"ಅಜ್ಜಿ ಸ್ಟೂಲು! ತಗೊಳ್ಳಿ, ಅಜ್ಜಿ ಸ್ಟೂಲು!"

ಅವಳು ಬಸ್ಸಿನ ಪಕ್ಕದಲ್ಲೇ ಓಡಿದಳು, ಸ್ಟೂಲನ್ನು ತಲೆಯ ಮೇಲೆ ಎತ್ತಿ. ಕಿಟಕಿಯಿಂದ ಒಂದು ಕೈ ಹೊರಬಂದು ಅದರ ಕಾಲು ಹಿಡಿಯಿತು. ಕೆಮಿಯ ಬೆರಳುಗಳು ಸಡಿಲಾಗಲಿಲ್ಲ.

"ಬಿಡಕ್ಕ! ಬಿದ್ದೋಗ್ತೀಯ, ಬಿಡು!"

ಬಿಟ್ಟಳು. ಸ್ಟೂಲು ಒಳಗೆ ಹೋಯಿತು. ತಲೆಗಳ ಮೇಲಿಂದ, ಕೈಯಿಂದ ಕೈಗೆ, ಅದು ಬಾಗಿಲ ಕಡೆ ಸಾಗುವುದು ಹಿಂದಿನ ಗಾಜಿನಲ್ಲಿ ಸ್ವಲ್ಪ ದೂರದವರೆಗೂ ಕಾಣುತ್ತಿತ್ತು.