ಎಂಟು ಸಂಹಾರಗಳ ತೊಕಿಯೆದಾ

ತೊಕಿಯೆದಾ ಒಂದು ಕಾರ್ಡನ್ನು ನಿಜವಾಗಿ ನೋಡಬೇಕೆಂದರೆ ಕನ್ನಡಕ ತೆಗೆಯುತ್ತಿದ್ದರು. ಊರಿಗೆಲ್ಲ ಕನ್ನಡಕ ಮಾರುವ ಮನುಷ್ಯ ತನ್ನದನ್ನು ಹಣೆಗೇರಿಸಿ, ಕಾರ್ಡನ್ನು ಮೂಗಿನ ತುದಿಗೆ ತಂದು, ಮೂಸಿ ನೋಡುವವರಂತೆ ನಿಮಿಷಗಟ್ಟಲೆ ನಿಶ್ಚಲರಾಗುತ್ತಿದ್ದ ಆ ಭಂಗಿಯನ್ನು ನಗೊಯಾದ ನನ್ನ ಆಟದ ಕಾರ್ಡುಗಳ ಅಂಗಡಿಗೆ ಬರುವವರೆಲ್ಲ ಅಣಕಿಸುತ್ತಿದ್ದರು. ಅಣಕಿಸಿದವರೇ ಪಂದ್ಯದ ಹಿಂದಿನ ದಿನ ತಂತಮ್ಮ ಡೆಕ್, ಅಂದರೆ ಆಡುವ ಕಾರ್ಡುಗಳ ಕಟ್ಟು, ಹಿಡಿದು ಸಲಹೆಗಾಗಿ ಅವರ ಮೇಜಿನ ಮುಂದೆ ನಿಲ್ಲುತ್ತಿದ್ದರು.

ಗೆದ್ದುಕೊಡುವ ಕಾರ್ಡುಗಳ ಮೇಲೆ ಅವರಿಗೆ ಮೋಹವಿರಲಿಲ್ಲ. ಅವರ ಸಮಸ್ತ ಧ್ಯಾನ ಎದುರಾಳಿ ಇಳಿಸಿದ ಜೀವಿ-ಕಾರ್ಡುಗಳನ್ನು ಮೇಜಿನಿಂದ ಎತ್ತಿಹಾಕುವ ಮಂತ್ರದ ಕಾರ್ಡುಗಳ ಮೇಲೆ. ನಾವು ಅವನ್ನು ಸಂಹಾರದ ಕಾರ್ಡು ಎನ್ನುತ್ತಿದ್ದೆವು. ಡೆಕ್ಕಿನ ಅರವತ್ತು ಕಾರ್ಡುಗಳಲ್ಲಿ ಅವಕ್ಕೆ ಅವರು ಕೊಡುತ್ತಿದ್ದುದು ಎಂಟೇ ಸ್ಥಾನ. ‘ಕಿಡಿ’ಯಂಥವು ಚುರುಕು, ಆದರೆ ಸಣ್ಣ ಜೀವಿಗಳನ್ನಷ್ಟೇ ಸುಡಬಲ್ಲವು, ‘ಗಡೀಪಾರು’ ಎಂಥ ದೈತ್ಯನನ್ನೂ ಅಟ್ಟಬಲ್ಲದು, ಆದರೆ ಅದನ್ನು ಪ್ರಯೋಗಿಸುವಷ್ಟು ಶಕ್ತಿ ಕೂಡಿಬರುವ ಹೊತ್ತಿಗೆ ಆಟವೇ ಮುಗಿದಿರಬಹುದು. “ಯಾರಿಗೆ ಹೆದರಬೇಕು ಅನ್ನೋದು ಗೊತ್ತಾದ್ರೆ ಸಾಕು, ಉಳಿದಿದ್ದು ಬರೀ ಲೆಕ್ಕ,” ಎನ್ನುತ್ತಿದ್ದರು.

ಹನ್ನೊಂದು ವರ್ಷ ಪ್ರಾದೇಶಿಕ ಪಂದ್ಯವಾಡಿದರೂ ರಾಷ್ಟ್ರೀಯ ಪಂದ್ಯದ ಬಾಗಿಲು ಅವರಿಗೆ ತೆರೆದಿರಲಿಲ್ಲ. ಆ ಹನ್ನೊಂದೂ ವರ್ಷ ಪ್ರತಿ ಶನಿವಾರ ಅವರೆದುರು ಕೂತು ಅಭ್ಯಾಸ ಮಾಡಿಸಿದವರು ಹಿವಾತಾರಿ, ಹೈಸ್ಕೂಲಿನ ಗಣಿತದ ಮೇಷ್ಟ್ರು, ಬಾಯ್ತುಂಬ ನಗುವ, ತಾವೂ ಪಂದ್ಯಕ್ಕಿಳಿಯುವ ಆಪ್ತಮಿತ್ರ. ಹನ್ನೆರಡನೆಯ ಸಲದ ಪಂದ್ಯದ ಹಿಂದಿನ ದಿನ ಹಿವಾತಾರಿ ಗೆಳೆಯನ ಡೆಕ್ ಹರಡಿಕೊಂಡು ತಲೆ ಕೊಡವಿದರು.

“ಈ ಗಡೀಪಾರು ಎರಡನ್ನೂ ಕಿತ್ತುಹಾಕೋ. ಈ ಸಲ ಬರೋದೆಲ್ಲ ಇಲಿಮರಿಗಳೇ. ದೊಡ್ಡದನ್ನ ಆಡ್ಸೋ ಹುಚ್ಚ ಯಾವನಿದಾನೆ?”

“ಆದ್ರೂ ಒಂದಾದ್ರೂ ಇರ್ಲಿ ಕಣೋ.”

“ಇಟ್ಕೊಂಡು ಪೂಜೆ ಮಾಡ್ತೀಯಾ? ಇಷ್ಟು ವರ್ಷ ನಿನ್ನ ಸೋಲಿಸಿದ್ದೇ ಈ ‘ಒಂದಿರ್ಲಿ’.”

ತೊಕಿಯೆದಾ ಕನ್ನಡಕ ತೆಗೆಯಲಿಲ್ಲ. ಗೆಳೆಯ ಹೇಳಿದ ಮೇಲೆ ನೋಡುವುದೇನಿದೆ ಎಂಬಂತೆ ಎರಡನ್ನೂ ಎತ್ತಿಟ್ಟು, ಎಂಟು ಸ್ಥಾನಕ್ಕೂ ಸಣ್ಣವನ್ನೇ ತುಂಬಿದರು. ಗಲ್ಲಾದ ಹಿಂದೆ ನಿಂತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಒಬ್ಬ ಗಿರಾಕಿ ಕೊಂಡದ್ದನ್ನು ಇನ್ನೊಬ್ಬನಿಗೆ ಹೇಳಬಾರದೆಂಬುದು ನಮ್ಮ ಅಂಗಡಿಯ ನಿಯಮ. ಆ ನಿಯಮದ ಹಿಂದೆ ನಾನು ಅಂದು ಎಷ್ಟು ಸುಖವಾಗಿ ಅಡಗಿಕೊಂಡೆ!

ಭಾನುವಾರದ ಕೊನೆಯ ಸುತ್ತಿನಲ್ಲಿ ಎದುರಾದವರು ಹಿವಾತಾರಿಯೇ. ಗೆದ್ದವರಿಗೆ ರಾಷ್ಟ್ರೀಯ ಪಂದ್ಯ. ಐದನೆಯ ಸರದಿಯಲ್ಲಿ ಹಿವಾತಾರಿ ಒಂದು ಕಲ್ಲಾಮೆಯನ್ನು ಇಳಿಸಿದರು, ಯಾವ ಕಿಡಿಗೂ ಬೇಯದ ಬೃಹದ್ಗಾತ್ರದ ಆಮೆ. ತೊಕಿಯೆದಾರ ಕೈಯಲ್ಲಿ ಮೂರು ಕಿಡಿಗಳಿದ್ದವು.

“ಇದನ್ನ ಯಾವಾಗ ಸೇರಿಸ್ದೆ?”

“ಗುರುವಾರ.”

“ಶನಿವಾರ ನೀನು ನನ್ ಹತ್ರ...”

“ಆಟ ಅಂದ್ಮೇಲೆ ಆಟ ಅಲ್ವೇನೋ?” ಹಿವಾತಾರಿ ನಕ್ಕರು, ಆದರೆ ಕಣ್ಣೆತ್ತಲಿಲ್ಲ.

ತೊಕಿಯೆದಾ ಮೂರೂ ಕಿಡಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿ, ಪದ್ಧತಿಯಂತೆ ತಲೆಬಾಗಿ ವಂದಿಸಿ, ಸೋಲೊಪ್ಪಿ ಫಲಿತಾಂಶದ ಚೀಟಿಗೆ ಸಹಿ ಹಾಕಿ ಎದ್ದುಹೋದರು.

ಹಿವಾತಾರಿ ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ತೊಕಿಯೆದಾ ಬಂದರು. ಒಂದು ಮಧ್ಯಾಹ್ನ ತಡೆಯಲಾರದೆ ಹೇಳಿಬಿಟ್ಟೆ: “ತೊಕಿಯೆದಾ ಸಾನ್, ಆ ಆಮೆ ಕಾರ್ಡನ್ನ ಗುರುವಾರ ಅವರಿಗೆ ಮಾರಿದ್ದು ನಾನೇ.”

“ಗೊತ್ತು,” ಎಂದರು. “ಊರಲ್ಲಿ ಬೇರೆಲ್ಲಿ ಸಿಗುತ್ತೆ?”

ಈಗ ಅವರ ಡೆಕ್ಕಿನಲ್ಲಿ ಸಂಹಾರಗಳು ಇಪ್ಪತ್ತಾರು. ಎದುರಾಳಿ ಇಳಿಸಿದ್ದೆಲ್ಲವೂ ಸಾಯುತ್ತದೆ. ಆದರೆ ಗೆದ್ದುಕೊಡುವ ಜೀವಿಗೆ ಜಾಗ ಉಳಿದಿಲ್ಲ, ಬರಿದಾದ ಮೇಜಿನೆದುರು ಸಮಯ ಮುಗಿದ ಗಂಟೆ ಬಾರಿಸುತ್ತದೆ, ಪಂದ್ಯ ಸಮವಾಗುತ್ತದೆ. ಡೆಕ್ ತೋರಿಸಲು ಈಗ ಯಾರೂ ಅವರ ಬಳಿ ಹೋಗುವುದಿಲ್ಲ.

ಅಪಾಯವನ್ನು ಅಳೆಯುವುದರಲ್ಲೇ ಆಯುಷ್ಯ ಸವೆಸಿದ ಇಂಥ ಜನ ಯಾರಾದರೂ ಒಬ್ಬರನ್ನು ಲೆಕ್ಕದಿಂದ ಹೊರಗಿಟ್ಟಿರುತ್ತಾರೆ. ಆ ಒಬ್ಬರೆದುರು ಮಾತ್ರ ನಿರಾಯುಧರಾಗಿ, ನಿರಾಳವಾಗಿ ಕೂರುತ್ತಾರೆ. ಆ ನೆಲೆ ಕುಸಿದ ಮೇಲೆ ಅವರು ಸೋಲುವುದನ್ನು ನಿಲ್ಲಿಸುತ್ತಾರೆ, ಗೆಲ್ಲುವುದನ್ನೂ.