ಗದ್ದೆಪ್ಪನ ಹಾಡಿನ ಮೂರನೇ ನುಡಿ

ಡ್ರೈವರು ಕ್ಯಾಸೆಟ್ಟನ್ನು ತಿರುವಿ ಹಾಕಿದ್ದೇ ತಡ, ಗ್ಯಾನಮ್ಮ ಸೀಟು ಬಿಟ್ಟು ಎದ್ದಳು.

"ಇಲ್ಲೇ ಇಳಸ್ರಿ" ಎಂದಳು ಕಂಡಕ್ಟರನಿಗೆ.

"ಇಲ್ಲಿ ಸ್ಟಾಪಿಲ್ಲಬೇ ಯವ್ವಾ. ಸಿಂಧನೂರು ಇನ್ನಾ ಎರಡು ಮೈಲಿ ಐತಿ."

"ಇರ್ಲಿ, ನಡಕೊಂಡು ಹೊಕ್ಕೀನಿ."

ಖಾಸಗಿ ಬಸ್ಸು ಅವಳನ್ನು ಗದ್ದೆಗಳ ನಡುವೆ ಇಳಿಸಿ ಹೊರಟಿತು. ಅದರ ಹಿಂದೆ ಹಾಡು ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು. ಮೊದಲನೇ ನುಡಿ ಮುಗಿದು ಎರಡನೆಯದು ಶುರುವಾಗುವ ಹೊತ್ತಿಗೆ ಬಸ್ಸು ದೂರವಾಗಿತ್ತು. ಮೂರನೆಯದು ಕೇಳಿಸಲಿಲ್ಲವಲ್ಲ, ಅಷ್ಟೇ ಸಾಕು ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಡೆಯತೊಡಗಿದಳು.

ತೊಂಬತ್ತೊಂಬತ್ತನೇ ಇಸವಿ. ಕಾರ್ಗಿಲ್ ಯುದ್ಧದ ಸುದ್ದಿ ರೇಡಿಯೊದಲ್ಲಿ, ಟೀವಿಯಲ್ಲಿ, ಚಹಾದಂಗಡಿಯಲ್ಲಿ ತುಂಬಿಹೋಗಿತ್ತು. ಆ ಬಿಸಿಯಲ್ಲೇ ಮಸ್ಕಿಯ ಲಾಲ್‌ಸಾಬ್ ದೇಶದ ಹಾಡುಗಳ ಕ್ಯಾಸೆಟ್ಟೊಂದನ್ನು ಹೊರತಂದ. ಒಂದು ಬದಿಗೆ ಪೂರಾ ಕಾರ್ಗಿಲ್. ಇನ್ನೊಂದು ಬದಿಗೆ ಎಪ್ಪತ್ತೊಂದರ ಯುದ್ಧದಲ್ಲಿ ಹಡಗು ಮುಳುಗಿದ ಹಾಡು. ಆ ಹಡಗಿನಲ್ಲಿ ತುರ್ವಿಹಾಳದ ಗದ್ದೆಪ್ಪನಿದ್ದ. ಗದ್ದೆಪ್ಪ ಗ್ಯಾನಮ್ಮನ ಮೊದಲ ಗಂಡ.

*ಕಡಲ ನುಂಗಿದರೇನ ಗದ್ದೆಪ್ಪನ ಹಡಗ*
*ಮಡದಿ ಕಾಯ್ತಾಳಿನ್ನ ಮನಿ ಬಾಗಿಲದೊಳಗ*
*ಹಚ್ಚಿದ ದೀಪ ಆರಿಲ್ಲ*
*ನೆಚ್ಚಿದ ಮನಸು ಮುರದಿಲ್ಲ*

ಇದು ಮೂರನೇ ನುಡಿ. ಲಾಲ್‌ಸಾಬನ ಗಂಟಲು ಇಲ್ಲಿಗೆ ಬಂದಾಗ ತುಸು ಒಡೆಯುತ್ತಿತ್ತು. ಕೇಳಿದವರು ಅಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಟ್ರ್ಯಾಕ್ಟರಿನವರು ಅದನ್ನು ಹಾಕಿಕೊಂಡೇ ಕೆಸರುಗದ್ದೆ ಹೊಡೆಯುತ್ತಿದ್ದರು, ಹೋಟೆಲಿನವರು ದೇವರ ಹಾಡು ಮುಗಿದ ಕೂಡಲೇ ಇದನ್ನು ಹಚ್ಚುತ್ತಿದ್ದರು. ಗ್ಯಾನಮ್ಮ ಎತ್ತ ಹೋದರೂ ಅವಳಿಗಿಂತ ಮೊದಲೇ ಅದು ಅಲ್ಲಿಗೆ ಬಂದಿರುತ್ತಿತ್ತು.

ಆದರೆ ಅವಳು ಯಾವ ಬಾಗಿಲಲ್ಲೂ ಕಾಯುತ್ತಿರಲಿಲ್ಲ. ದುರುಗಪ್ಪನ ಕೂಡ ಉಡಿಕೆ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಎರಡು ಹೆಣ್ಣು ಹಡೆದು, ಸಾಕಿ, ಕೊಟ್ಟ ಮನೆಗೆ ಕಳಿಸಿಯೂ ಆಗಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದನ್ನೇ ಈಗ ಜನ ಹೊಸದಾಗಿ ನೋಡತೊಡಗಿದ್ದರು. ನಾಟಿ ಹಚ್ಚುವಾಗ ಪಕ್ಕದ ಸಾಲಿನ ಯಮನಮ್ಮ ಬಗ್ಗಿದವಳು ಬಗ್ಗಿದಂತೆಯೇ ಕೇಳಿದ್ದಳು. "ಅಲ್ಲಬೇ ಗ್ಯಾನಿ, ಹಾಡಿನ್ಯಾಗ ನೀ ಇನ್ನಾ ಕಾಯಾಕತ್ತೀಯಂತ. ಪಾಪ, ದುರುಗಪ್ಪ ಏನಂತಾನ?"

ದುರುಗಪ್ಪ ಏನೂ ಅನ್ನುತ್ತಿರಲಿಲ್ಲ. ಮೊದಮೊದಲು ಅವನಿಗೂ ಆ ಹಾಡು ಬಲು ಹಿಡಿಸಿತ್ತು. ಎತ್ತಿಗೆ ಮೇವು ಹಾಕುತ್ತ ಗುನುಗುತ್ತಿದ್ದ. ಒಂದು ದಿನ ಮೂರನೇ ನುಡಿಗೆ ಬಂದವನು ತಟ್ಟನೆ ನಿಲ್ಲಿಸಿದ. ಆಮೇಲೆ ಗುನುಗಲಿಲ್ಲ. ಊಟ ಕಮ್ಮಿಯಾಯಿತು. ಮೊನ್ನೆ ಗಂಗಾಳವನ್ನು ಅತ್ತ ಸರಿಸಿ, ಅವಳ ಮುಖ ನೋಡದೆ ಕೇಳಿದ.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನೀ ಖರೇನ ಇನ್ನಾ ಕಾಯಾಕತ್ತೀಯೇನು?"

"ನಿನಗೇನು ತಲಿ ಕೆಟ್ಟೈತೇನು?" ಎಂದಳು. ಗಂಗಾಳದಲ್ಲಿ ಅರ್ಧ ರೊಟ್ಟಿ ಹಾಗೇ ಉಳಿದಿತ್ತು. ಅದನ್ನು ನೋಡುತ್ತ ನೋಡುತ್ತ ಆ ಹಾಡುಗಾರನನ್ನೇ ಹುಡುಕಿಕೊಂಡು ಹೋಗಬೇಕೆಂದು ತೀರ್ಮಾನಿಸಿದಳು.

ಸಿಂಧನೂರಿನಲ್ಲಿ ಬೇರೆ ಬಸ್ಸು ಹಿಡಿದು ಮಸ್ಕಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಲಾಲ್‌ಸಾಬ್ ಟೇಲರ್. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಚಿಕ್ಕ ಅಂಗಡಿ. ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಹಾರ್ಮೋನಿಯಂ, ಅದರ ಮೇಲೆ ಕತ್ತರಿಸಿಟ್ಟ ಅರಿವೆ. ಅರ್ಧ ನೆರೆತ ಗಡ್ಡದ ಆ ಮನುಷ್ಯ ಕನ್ನಡಕದ ಮೇಲಿನಿಂದ ನೋಡಿ, "ಬಾ ಯವ್ವಾ, ಜಂಪರ್ ಹೊಲಸಾದೈತೇನು?" ಎಂದ.

"ಹೊಲಸಾದಲ್ರಿ, ಬಿಚ್ಚಸಾದೈತಿ. ನಾ ತುರ್ವಿಹಾಳದಾಕಿ. ಗದ್ದೆಪ್ಪನ ಹೆಣ್ತಿ."

ಲಾಲ್‌ಸಾಬ್ ಮಿಷನ್ನಿನಿಂದ ಕಾಲು ತೆಗೆದು ಎದ್ದು ನಿಂತ. ಕೈ ಮುಗಿದ. ತಾನು ಹಾಡಿನಲ್ಲಿ ಬಾಗಿಲಿಗೆ ನಿಲ್ಲಿಸಿದ ಹೆಂಗಸು ಬಿಸಿಲಲ್ಲಿ ಬೆವತು ಎದುರಿಗೆ ನಿಂತದ್ದನ್ನು ಕಂಡು ಅವನ ಕಣ್ಣು ತುಂಬಿತು. ಸ್ಟೂಲು ಒರೆಸಿ ಕೊಟ್ಟು ನೀರು ತಂದ.

"ನನ್ನ ಗಂಡನ ಹೆಸರು ದುರುಗಪ್ಪ" ಎಂದಳು ಗ್ಯಾನಮ್ಮ ನೀರು ಕುಡಿದು.

ಲಾಲ್‌ಸಾಬ್ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತ.

"ನನಗ ಯಾರೂ ಹೇಳ್ಲಿಲ್ಲ ತಂಗಿ. ನಿಮ್ಮೂರಾಗ ಚಾದಂಗಡ್ಯಾಗ ಒಬ್ಬ ಮುದುಕ ಗದ್ದೆಪ್ಪನ ಸುದ್ದಿ ಹೇಳಿದ, ಅಷ್ಟ. ಉಳಿದಿದ್ದು ನಾ ಕಟ್ಟೀನಿ."

"ಅವ ಹಡಗಿನ್ಯಾಗ ಅಡಿಗಿ ಮಾಡಾಂವ. ನೀವು ಹಾಡಿನ್ಯಾಗ ತೋಪು ಹಾರಸಾಕ ನಿಂದ್ರಿಸೀರಿ. ಅದಕ್ಕ ನಾ ಏನೂ ಅನ್ನಂಗಿಲ್ಲ, ಸತ್ತವಗ ಒಳ್ಳೇದಾತು. ನನ್ನನ್ಯಾಕ ಬಾಗಿಲಾಗ ನಿಂದ್ರಿಸಿದ್ರಿ?"

ಲಾಲ್‌ಸಾಬ್ ತಂಬಿಗೆಯನ್ನು ಕೆಳಗಿಟ್ಟ. "ಮೊಹರಮ್ಮಿನ ಅಲಾಯಿ ಹಬ್ಬದಾಗ ರಿವಾಯತ್ ಪದ ಹಾಡಿ ಬೆಳದಾಂವ ನಾ. ಯುದ್ಧಕ್ಕ ಹೋದವರ ಪದ ಅವು. ಹೆಣ್ಣುಮಗಳು ಕಾಯಾಕತ್ತಾಳ ಅಂದ್ರ ಮಂದಿ ಅಳ್ತಾರ. ಮಂದಿ ಅತ್ರ ಪದ ಉಳಿತೈತಿ" ಎಂದ.

"ಮಂದಿ ಅಳ್ತಾರ, ಮನಿಗೆ ಹೋಗಿ ಉಣ್ತಾರ. ನನ್ನ ಗಂಡ ಉಣವಲ್ಲ."

ಆಮೇಲೆ, ಇಪ್ಪತ್ತೆಂಟು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಆ ಅಪರಿಚಿತನ ಮುಂದೆ ಆಡಿದಳು. ಕೊನೆಯ ರಜೆ ಮುಗಿಸಿ ಹೊರಟಾಗ, ಸಿಂಧನೂರಿನ ಬಸ್ಸಿನ ಕಿಟಕಿಯಿಂದ ಗದ್ದೆಪ್ಪ ಹೇಳಿದ್ದ. "ಹಡಗಂದ್ರ ಕಬ್ಬಿಣ, ಗ್ಯಾನಿ. ತೇಲತೈತಿ ಅಂತಾರ, ನನಗ ನಂಬಿಕಿ ಬರವಲ್ದು. ನಾ ಬರಲಿಲ್ಲಂದ್ರ ಕಾಯ್ಕೋತ ಕುಂದ್ರಬ್ಯಾಡ. ಯಾರನ್ನರ ಕಟ್ಟಿಗೋ." ಅವಳು ಸೆರಗಿನಿಂದ ಅವನ ಬಾಯಿಗೆ ಹೊಡೆದಿದ್ದಳು. ಅವನು ನಕ್ಕಿದ್ದ. ಬಸ್ಸು ಹೋಗಿತ್ತು.

"ಅವ ಹಂಗಂದ್ರೂ ನಾಕು ವರ್ಷ ಕಾಯ್ದೆ. ಹೆಣ ಬರ್ಲಿಲ್ಲಲ್ಲ, ಅದಕ್ಕ. ಆವಾಗ ಯಾರೂ ಪದ ಕಟ್ಟಲಿಲ್ಲ. ಕಟ್ಟಿದ್ರ ಆವಾಗ ಕಟ್ಟಬೇಕಿತ್ತು."

ಲಾಲ್‌ಸಾಬ್ ಹಾರ್ಮೋನಿಯಂ ಮೇಲಿನ ಅರಿವೆ ತೆಗೆದ. ಮತ್ತೆ ಅಲ್ಲೇ ಹಾಕಿದ. "ಕ್ಯಾಸೆಟ್ ನನ್ನ ಕೈಯಾಗಿಲ್ಲ ತಂಗಿ. ಆದ್ರ ಬಾಯಿ ನನ್ನದೈತಿ. ಆಗಸ್ಟ್ ಹದಿನೈದಕ್ಕ ಸಿಂಧನೂರಾಗ ಸಂಜಿ ನಾಕಕ್ಕ ಹಾಡಾಕ ಕರದಾರ. ಯಜಮಾನನ್ನ ಕರಕೊಂಡು ಬಾ. ಆ ನುಡಿ ನಾ ಹಾಡಂಗಿಲ್ಲ."

ದುರುಗಪ್ಪ ಬರುವುದಿಲ್ಲವೆಂದೇ ಹೇಳಿದ್ದ. ಆ ದಿನ ಮಾತ್ರ ತಾನೇ ಒಗೆದ ಧೋತರ ಉಟ್ಟು, ಅವಳಿಗಿಂತ ಮೊದಲೇ ಬಸ್ಸಿನ ಕಟ್ಟೆಗೆ ಹೋಗಿ ನಿಂತಿದ್ದ.

ಶಾಲೆಯ ಬಯಲಲ್ಲಿ ತಾಡಪತ್ರಿ ಹಾಸಿದ್ದರು. ಚಪ್ಪಲಿ ಬಿಟ್ಟು, ಜನರ ನಡುವೆ ಇಬ್ಬರೂ ಕುಳಿತರು. ಭಾಷಣ ಮುಗಿಯುವ ತನಕ ಗ್ಯಾನಮ್ಮ ತಾಡಪತ್ರಿಯ ಎಳೆ ಕೀಳುತ್ತಿದ್ದಳು. ಲಾಲ್‌ಸಾಬ್ ಬಿಳಿ ಪೈಜಾಮದಲ್ಲಿ ಬಂದು ಹಾರ್ಮೋನಿಯಂ ಮುಂದೆ ಕುಳಿತಾಗ ಜನ ಸೀಟಿ ಹೊಡೆದರು. "ಹಡಗಿಂದು, ಹಡಗಿಂದು" ಎಂದು ಕೂಗಿದರು.

ಮೊದಲನೇ ನುಡಿ ಹಾಡಿದ. ಎರಡನೆಯದರಲ್ಲಿ ಹಡಗು ಮುಳುಗಿತು. ಮೂರನೆಯದಕ್ಕೆ ಬಂದಾಗ ಲಾಲ್‌ಸಾಬ್ ಬಾಯಿ ಮುಚ್ಚಿದ. ಬೆರಳು ಮಾತ್ರ ಆಡುತ್ತಿದ್ದವು. ಗ್ಯಾನಮ್ಮ ಉಸಿರು ಬಿಟ್ಟಳು.

ಒಂದು ಗಳಿಗೆ, ಅಷ್ಟೇ. ಹಾಡುಗಾರ ತಮಗಾಗಿಯೇ ಜಾಗ ಬಿಟ್ಟಿದ್ದಾನೆಂದು ತಿಳಿದ ಜನ ತಾವೇ ಎತ್ತಿಕೊಂಡರು. ಮುಂದೆ ಕುಳಿತ ಶಾಲೆಯ ಮಕ್ಕಳು ಶುರು ಮಾಡಿದರು, ಹೆಂಗಸರು ಸೇರಿದರು, ಹಿಂದೆ ನಿಂತ ಗಂಡಸರು ಚಪ್ಪಾಳೆ ಹಾಕತೊಡಗಿದರು. ಮಡದಿ ಕಾಯ್ತಾಳಿನ್ನ ಮನಿ ಬಾಗಿಲದೊಳಗ. ಲಾಲ್‌ಸಾಬ್ ಹಾರ್ಮೋನಿಯಂನಿಂದ ಕೈಯನ್ನೇ ಎತ್ತಿಬಿಟ್ಟ. ಹಾಡಿಗೆ ಅದು ಬೇಕಾಗಿರಲಿಲ್ಲ. ಅವನು ಜನರ ಮೇಲೆ ಕಣ್ಣಾಡಿಸಿ ಗ್ಯಾನಮ್ಮನನ್ನು ಹುಡುಕುತ್ತಿದ್ದ. ಸಿಕ್ಕಾಗ ತಲೆ ಬಗ್ಗಿಸಿದ.

ದುರುಗಪ್ಪ ತನ್ನ ಮೊಣಕಾಲನ್ನೇ ನೋಡುತ್ತ ಕುಳಿತಿದ್ದ. ಗ್ಯಾನಮ್ಮ ಎದ್ದು ನಿಂತಳು.

"ಕುಂದ್ರಬೇ, ಹಿಂದ ಕಾಣವಲ್ದು" ಎಂದು ಯಾರೋ ಗದರಿದರು.

ಅವಳು ಕೂಡಲಿಲ್ಲ. ಬಗ್ಗಿ ದುರುಗಪ್ಪನ ಕಿವಿಯ ಹತ್ತಿರ ಬಾಯಿಟ್ಟಳು. "ಗದ್ದೆಪ್ಪ ಹೋಗಾಗ ನನಗ ಕಾಯಬ್ಯಾಡ ಅಂದಿದ್ದ. ಯಾರನ್ನರ ಕಟ್ಟಿಗೋ ಅಂದಿದ್ದ. ನಿನಗ ಹೇಳಿರಲಿಲ್ಲ."

"ಯಾಕ ಹೇಳಿರಲಿಲ್ಲ?"

"ಅವನ ಮಾತು ಕೇಳಿ ನಿನ್ನ ಕಟ್ಟಿಗೊಂಡೆ ಅಂತ ತಿಳಕೋತಿದ್ದಿ. ನಾ ನಿನ್ನ ನೋಡಿ ಬಂದಾಕಿ."

ದುರುಗಪ್ಪ ಅವಳ ಮುಖವನ್ನೇ ನೋಡಿದ. ಹಾಡು ನಾಲ್ಕನೇ ನುಡಿಗೆ ದಾಟಿತ್ತು. ಅವನು ಮೊಣಕಾಲಿಗೆ ಕೈ ಊರಿ ಎದ್ದ. ಜನರ ನಡುವೆ ದಾರಿ ಮಾಡಿಕೊಂಡು ತಾಡಪತ್ರಿಯ ಅಂಚಿಗೆ ಹೋಗಿ, ಒಂದರ ಮೇಲೊಂದು ಬಿದ್ದಿದ್ದ ಚಪ್ಪಲಿಗಳ ರಾಶಿಯಲ್ಲಿ ಕೈಯಾಡಿಸಿದ. ಗ್ಯಾನಮ್ಮನದು ಒಂದು ಸಿಕ್ಕಿತು. ಇನ್ನೊಂದಕ್ಕೆ ಬಹಳ ಹುಡುಕಬೇಕಾಯಿತು. ಅಲ್ಲಿದ್ದ ಪೊಲೀಸನೂ ನಾಲ್ಕಾರು ಗಂಡಸರೂ ನೋಡುತ್ತಿದ್ದಂತೆಯೇ ಎರಡನ್ನೂ ತಂದು, ಹಿಂದೆಯೇ ಬಂದಿದ್ದ ಅವಳ ಕಾಲ ಮುಂದೆ ಜೋಡಿಸಿಟ್ಟು, ಅವಳು ಮೆಟ್ಟುವ ತನಕ ಪಕ್ಕದಲ್ಲಿ ನಿಂತ.