ನಾಲ್ಕಿಂಚಿನ ಹೆದರಿಕೆ

ಹಿಂದೆ ಹುಡುಗಿ ನೋಡಲು ಬರುವವರು ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಓದು, ಆಮೇಲೆ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ. ಈಗ ಎಲ್ಲಕ್ಕಿಂತ ಮೊದಲು ಎತ್ತರ. ಬಯೋಡಾಟಾದಲ್ಲಿ ಅದು ಹೆಸರಿನ ಕೆಳಗೇ ಕೂತಿರುತ್ತದೆ. ಆ ಒಂದು ಸಾಲಿಗೆ ಹೆದರದ ಕುಳ್ಳ ಹುಡುಗಿಯ ತಾಯಿ ನಮ್ಮ ಕಾಸಾರಶಿರಸಿಯಲ್ಲಿ ಸಿಗಲಿಕ್ಕಿಲ್ಲ.

ನಾನು ಉಜ್ವಲಾ, ಈ ಊರಿನ ಆಶಾ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ಮನೆಮನೆ ತಿರುಗುತ್ತಿದ್ದೇನೆ. ಯಾರ ಮನೆಯ ಬಾಣಂತಿಗೆ ರಕ್ತ ಕಡಿಮೆ, ಯಾರ ಕೂಸಿನ ಲಸಿಕೆ ತಪ್ಪಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಆದರೂ ಈ ಸಲ ತಡವಾಗಿ ಎಚ್ಚೆತ್ತೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಓಣಿಯ ರಾಚಯ್ಯ ಮತ್ತು ಸುಗಂಧಾ ಅವರ ಮಗಳು ಪ್ರಾಜಕ್ತಾ. ಇಪ್ಪತ್ತೆರಡು ವರ್ಷ, ಬಿ.ಕಾಂ. ಮುಗಿಸಿದ್ದಾಳೆ. ಎತ್ತರ ನಾಲ್ಕು ಅಡಿ ಹತ್ತು ಇಂಚು. ಎರಡು ಸಂಬಂಧಗಳು ಈ ಎತ್ತರದ ಮಾತಿನಲ್ಲೇ ಮುರಿದುಬಿದ್ದಿದ್ದವು. ಮೂರನೆಯದು ಉಮರ್ಗಾದ ಕಾಳಿನ ವ್ಯಾಪಾರಿಗಳ ಮನೆತನ. ಹುಡುಗ ಕೈಲಾಸ, ಅವನ ತಾಯಿ ಚಂಪಾಬಾಯಿ. ಚಂಪಾಬಾಯಿ ಫೋನಿನಲ್ಲೇ ಖಡಾಖಂಡಿತ ಹೇಳಿದ್ದರು: "ಪೋರಿ ಐದು ಫೂಟಿಗಿ ಕಮ್ಮಿ ಇದ್ರ ನಾವು ನೋಡಾಕ ಬರಂಗಿಲ್ರೀ."

ಸುಗಂಧಾ ಹೆದರಿಬಿಟ್ಟಳು. ಬಯೋಡಾಟಾದಲ್ಲಿ ಐದು ಅಡಿ ಎರಡು ಇಂಚು ಎಂದು ಬರೆಸಿದಳು. ಆ ನಾಲ್ಕಿಂಚು ತುಂಬಲು ನಾಲ್ಕಿಂಚಿನ ಹೀಲಿನ ಚಪ್ಪಲಿ ತಂದಳು. ಹುಡುಗಿ ನೋಡುವುದನ್ನು ಮನೆಯಲ್ಲಿಡದೆ ಹೈವೇ ಮೇಲಿನ ಹೋಟೆಲಿನಲ್ಲಿಟ್ಟಳು, ಯಾಕೆಂದರೆ ಹೋಟೆಲಿನಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಸೀರೆಯ ಅಂಚು ನೆಲ ಮುಟ್ಟುವಂತೆ ಉಡಿಸಿದಳು. ಬೀಗರು ನೋಡಿದರು, ಒಪ್ಪಿದರು, ಪೇಢೆ ತಿಂದು ಎದ್ದರು. ಒಂದು ತಿಂಗಳ ಆಚೆಗೆ ಲಗ್ನದ ತಿಥಿಯೂ ಗೊತ್ತಾಯಿತು.

ಅಂದಿನಿಂದ ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಟಕ್ ಟಕ್ ಸದ್ದು. ಲಗ್ನದ ದಿನ ಜನರ ಮುಂದೆ ಎಡವಬಾರದೆಂದು ತಾಯಿ ಮಗಳಿಗೆ ಶಹಾಬಾದಿ ಕಲ್ಲಿನ ನೆಲದ ಮೇಲೆ ನಡಿಗೆ ಕಲಿಸುತ್ತಿದ್ದಳು. ನೀರು ತುಂಬುವಾಗಲೂ ಹೀಲು, ಕಸ ಗುಡಿಸುವಾಗಲೂ ಹೀಲು. ನಾನು ಆ ದಾರಿಯಲ್ಲಿ ಹೋಗುತ್ತ, "ಯಾನವ್ವಾ ಪ್ರಾಜಕ್ತಾ, ಈಗೇ ಉಮರ್ಗಾದಾಕಿ ಆದಿ?" ಎಂದು ಚೇಷ್ಟೆ ಮಾಡಿ ನಕ್ಕೆ. ಆಕೆಯೂ ನಕ್ಕಳು. ಒಂದು ಕೈಯಲ್ಲಿ ಗೋಡೆ ಹಿಡಿದಿದ್ದಳು, ಇನ್ನೊಂದರಲ್ಲಿ ಮೀನಖಂಡ ಒತ್ತಿಕೊಳ್ಳುತ್ತಿದ್ದಳು. ನಾನು ನೋಡಿದೆ, ನೋಡಿಯೂ ಮುಂದಕ್ಕೆ ಹೋದೆ. ಇವತ್ತಿಗೂ ನನಗೆ ಅದರ ಬಗ್ಗೆ ನಾಚಿಕೆಯಿದೆ.

ಹತ್ತು ದಿನ ಕಳೆದು ಒಂದು ಶುಕ್ರವಾರ ಮುಂಜಾನೆ ಸುಗಂಧಾ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಮುಖ ಬಿಳಚಿಕೊಂಡಿತ್ತು.

"ಉಜ್ವಲಕ್ಕಾ, ಡಾಕ್ಟರ್ ಕಡಿಂದ ಒಂದು ಚೀಟಿ ಬರಿಸಿ ಕೊಡು."

"ಯಾರಿಗಿ? ಯಾನ ಆಗ್ಯಾದ?"

"ಯಾನೂ ಆಗಿಲ್ಲ. ಅದಕ್ಕೇ ನೀ ಬೇಕು. ಪೋರಿ ಅಂಗಾಲಿಗಿ ರೋಗ ಆಗ್ಯಾದ, ಬರಿಗಾಲಿಲೆ ನಡೀಬಾರ್ದು ಅಂತ ಬರಿಸು."

ಆಮೇಲೆ ಒಂದೊಂದೇ ಹೊರಬಿತ್ತು. ಬರುವ ಸೋಮವಾರ ಬಸ್ತಾ. ಬಸ್ತಾ ಎಂದರೆ ಎರಡೂ ಮನೆಯವರು ಕೂಡಿ ಹೋಗಿ ಲಗ್ನದ ಬಟ್ಟೆ ತರುವುದು. ಚಂಪಾಬಾಯಿ ಉದಗೀರದ ಹಳೆಯ ಬಟ್ಟೆ ಅಂಗಡಿಯೇ ಬೇಕೆಂದಿದ್ದರು. ಅಲ್ಲಿ ಕುರ್ಚಿ ಇಲ್ಲ. ನೆಲದ ತುಂಬ ಬಿಳಿ ಗಾದಿ ಹಾಸಿರುತ್ತಾರೆ, ಬಂದವರೆಲ್ಲ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಹತ್ತಬೇಕು. ಅಲ್ಲದೆ ಸೀರೆಯನ್ನು ಹುಡುಗಿಯ ಹೆಗಲಿಗೆ ಹಾಕಿ, ಕನ್ನಡಿಯ ಮುಂದೆ ಹುಡುಗನ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಹೋಟೆಲು ಹುಡುಕುವಷ್ಟು ಜಾಣತನ ಮಾಡಿದ ಸುಗಂಧಾಳಿಗೆ ಹುಟ್ಟಿದಾಗಿನಿಂದ ನೋಡಿದ ಗಾದಿ ಮಾತ್ರ ನೆನಪಿಗೆ ಬಂದಿರಲಿಲ್ಲ.

"ಗಾದಿ ಮ್ಯಾಲ ಚಪ್ಪಲ್ ಹಾಕ್ಕೊಂಡು ಹ್ಯಾಂಗ ಹತ್ತಾದು? ಬಿಟ್ಟು ಹತ್ತಿದ್ರ ಪೋರಿ ನಾಲ್ಕು ಇಂಚು ಒಮ್ಮೆಲೇ ಇಳೀತಾಳ. ಎಲ್ಲಾರ ಮುಂದ!"

"ಲಗ್ನ ಆದ ಮ್ಯಾಲ? ಹೀಲ ಹಾಕ್ಕೊಂಡೇ ಮಲಗತಾಳೇನ?"

"ಅಕ್ಷತಿ ಬಿದ್ದ ಮ್ಯಾಲ ಯಾರ ಯಾನ ಮಾಡ್ತಾರ? ಅಲ್ಲಿ ತನಕ ನಡದ್ರ ಸಾಕು."

ಅಷ್ಟರಲ್ಲಿ ಪ್ರಾಜಕ್ತಾ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದಳು. ಬಲಗಾಲನ್ನು ಮಾತ್ರ ನೆಲಕ್ಕೆ ಊರುತ್ತಿದ್ದಳು. ಎಡಗಾಲಿನ ಚಪ್ಪಲಿಯ ಪಟ್ಟಿ ಬಾವಿನೊಳಗೆ ಹೂತುಹೋಗಿತ್ತು. ಪಾದದ ಮೇಲಿನ ಹರಡಿನ ಸುತ್ತ ಅರಿಶಿಣ ಸುಣ್ಣದ ಲೇಪ, ಅದರ ಕೆಳಗೆ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಇದ್ಯಾವಾಗ ಆತು?"

"ನಿನ್ನಿ," ಎಂದಳು ಪ್ರಾಜಕ್ತಾ. "ಅಂಗಳ ತೊಳದಿದ್ದೆ ಅಕ್ಕಾ. ಹಸಿ ಕಲ್ಲಿನ ಮ್ಯಾಲ ಕಾಲು ಹೊರಳ್ತು. ಒಳಗ ಕಟ್ ಅಂತು."

"ಮತ್ತ ಇವತ್ತೂ ಹಾಕೀಯಲ್ಲ?"

ಆಕೆ ತಾಯಿಯ ಕಡೆ ನೋಡಿದಳು. ತಾಯಿ ನೆಲ ನೋಡಿದಳು.

ನಾನು ಪಟ್ಟಿ ಬಿಚ್ಚಿ ಹರಡಿನ ಹೊರಗಿನ ಎಲುಬಿನ ಹಿಂದೆ ಬೆರಳಿನಿಂದ ಮೆಲ್ಲಗೆ ಒತ್ತಿದೆ. ಪ್ರಾಜಕ್ತಾ ಚೀರಿದಳು. ಓಣಿಯವರಿಗೆ ಕೇಳಿಸೀತೆಂದು ಸುಗಂಧಾ ಓಡಿಬಂದು ಮಗಳ ಬಾಯಿಗೆ ಸೆರಗು ಒತ್ತಿದಳು. ನೋವು ಮಗಳದ್ದು, ಆದರೆ ಆ ಮನೆಯಲ್ಲಿ ಯಜಮಾನಿಕೆ ಮಾಡುತ್ತಿದ್ದದ್ದು ಹೆದರಿಕೆ.

"ಸೆರಗ ತಗಿ ಸುಗಂಧಾ! ನಾಲ್ಕು ಹೆಜ್ಜಿ ನಡಿಯವ್ವಾ," ಎಂದೆ. ಎರಡನೆಯ ಹೆಜ್ಜೆಗೇ ಆಕೆ ಕುಸಿದಳು. "ಇದು ಉಳುಕಲ್ಲ. ಎಕ್ಸರೇ ಆಗಬೇಕು."

"ಉಳುಕೇ ಅದ. ಎಣ್ಣಿ ಹಚ್ಚಿ ತಿಕ್ಕಿದ್ರ ಸರಿ ಆಗ್ತದ. ಶಹರದ ಪೋರಿಗಳು ದಿನಾ ಹಾಕತಾರ, ಅವರಿಗೆಲ್ಲ ಕಾಲು ಮುರದಾವೇನ? ಹೆಣ್ಮಕ್ಕಳ ಮೆಟ್ಟು ಅದು."

"ಹೆಣ್ಮಕ್ಕಳದಂತ ಯಾರ ಹೇಳ್ಯಾರ? ಮೊದಲ ಹಾಕಿದವ್ರು ಗಂಡಸ್ರು!"

ಪ್ರಾಜಕ್ತಾ ಕಣ್ಣೀರಿನ ನಡುವೆಯೇ ತಲೆ ಎತ್ತಿದಳು. ತಾಲೂಕಿನ ಊರು ನಿಲಂಗಾದ ಆಶಾ ತರಬೇತಿಯಲ್ಲಿ ಎಲುಬಿನ ಡಾಕ್ಟರು ಹೀಲಿನ ಬಗ್ಗೆ ಹೇಳಿದ್ದನ್ನು ನಾನು ವಹಿಯಲ್ಲಿ ಬರೆದುಕೊಂಡಿದ್ದೆ. ಆಕೆಯ ಕಾಲಡಿಗೆ ದಿಂಬು ಕೊಡುತ್ತ, ಹಸಿ ಬಟ್ಟೆ ಹಾಕುತ್ತ ಅದನ್ನೇ ಹೇಳಿದೆ.

"ಇರಾಣದ ಕಡಿ ಕುದರಿ ಮ್ಯಾಲ ಕೂತು ಬಾಣ ಬಿಡೋ ಗಂಡಸ್ರು ಬೂಟಿಗಿ ಹೀಲ ಕೂಡಸ್ಕೊಂತಿದ್ರು. ಕುದರಿ ತಡಿಗಿ ಜೋತು ಬಿಟ್ಟ, ಕಾಲಿಡೋ ರಿಕಾಪಿನಾಗಿಂದ ಕಾಲು ಜಾರಬಾರ್ದು ಅಂತ. ಕುದರಿ ಮ್ಯಾಲ ಕೂಡೋರಿಗಿ ಮಾಡಿದ್ದವ್ವಾ ಅದು, ನೀರು ತುಂಬೋರಿಗಿ ಅಲ್ಲ."

"ನಮ್ಮ ಮನ್ಯಾಗ ಕುದರಿ ಎಲ್ಯಾದ ಅಕ್ಕಾ," ಎಂದಳು ಪ್ರಾಜಕ್ತಾ.

"ಅಲ್ಲಿಂದ ಯುರೋಪದ ರಾಜರ ದರ್ಬಾರಿಗಿ ಹೋತು. ಫ್ರಾನ್ಸದ ಒಬ್ಬ ರಾಜ ಕೆಂಪು ಹೀಲಿನ ಬೂಟು ಹಾಕಿ ಮೆರದ. ಯಾಕ ಗೊತ್ತದೇನ? ನಾವು ದೊಡ್ಡವ್ರು, ಕೆಸರಾಗ ಇಳಿಯೋರಲ್ಲ, ದುಡಿಯೋರಲ್ಲ ಅಂತ ತೋರ್ಸಾಕ. ಇಟಲಿ ದೇಶದ ವೆನಿಸ್ ಅಂಬೋ ಊರಾಗ ಸಿರಿವಂತರ ಹೆಣ್ಮಕ್ಕಳು ಗೇಣುದ್ದದ ಮೆಟ್ಟು ಹಾಕ್ಕೊಂಡು, ಎರಡೂ ಕಡಿ ಆಳುಗಳ ಹೆಗಲ ಹಿಡಕೊಂಡು ನಡೀತಿದ್ರು. ಆಮ್ಯಾಲ ಗಂಡಸ್ರಿಗಿ ಅದು ಸಾಕಾತು, ಬಿಟ್ರು. ನಮ್ಮ ಕಾಲಾಗ ಉಳೀತು."

ಸುಗಂಧಾ ಸಿಡುಕಿದಳು. "ಚಂಪಾಬಾಯಿ ಬ್ಯಾಡ ಅಂದ್ರ ನಿನ್ನ ರಾಜ ಬಂದು ನನ್ನ ಮಗಳನ್ನ ಮಾಡ್ಕೊಂತಾನೇನ?"

ನನಗೂ ಸಿಟ್ಟು ಬಂತು. "ಕೇಳಿಲ್ಲಿ. ಮುರದ ಎಲುಬು ವಾಂಕಡಾ, ಸೊಟ್ಟಗ ಕೂಡ್ತು ಅಂದ್ರ ಈಕಿ ಜನ್ಮ ಪೂರಾ ಕುಂಟತಾಳ. ಅದನ್ನ ಯಾವ ಹೀಲಿನಾಗ ಮುಚ್ಚತಿ?"

ಸುಗಂಧಾ ಎದ್ದು ಸೆರಗು ಹೊದ್ದುಕೊಂಡಳು. "ಉಮರ್ಗಾ ಬ್ಯಾಡ, ಬೀಗರ ಊರು. ನಿಲಂಗಾಕ್ಕ ಹೋಗಮು," ಎಂದಳು. ಆಗಲೂ ಅವಳಿಗಿದ್ದದ್ದು ಅದೇ ಚಿಂತೆ.

ನಿಲಂಗಾದ ಆಸ್ಪತ್ರೆಯಲ್ಲಿ ಎಕ್ಸರೇ ಆಯಿತು. ಹೊರಗಿನ ಎಲುಬು ಬಿರುಕು ಬಿಟ್ಟಿತ್ತು. ಮುರಿದ ಮೇಲೂ ಭಾರ ಹಾಕಿದ್ದು ತಪ್ಪು ಎಂದು ಡಾಕ್ಟರು ಗದರಿದರು. ಇನ್ನೆರಡು ದಿನ ಹೀಗೇ ನಡೆದಿದ್ದರೆ ಎಲುಬು ಸರಿದು ಆಪರೇಷನ್ ಮಾಡಬೇಕಾಗುತ್ತಿತ್ತಂತೆ. ಆರು ವಾರ ಪ್ಲಾಸ್ಟರ್. ಲಗ್ನಕ್ಕೆ ಉಳಿದಿದ್ದದ್ದು ಮೂರು ವಾರ.

ಇನ್ನು ಮುಚ್ಚಲು ದಾರಿ ಇರಲಿಲ್ಲ. ರಾಚಯ್ಯ ಮಿತಭಾಷಿ. ಹೆಂಡತಿ ಮಾಡಿದ್ದನ್ನೆಲ್ಲ ನೋಡಿಯೂ ಸುಮ್ಮನಿದ್ದವರು. ಅವರೇ ಫೋನು ಹಚ್ಚಿ, ಬಯೋಡಾಟಾದ ಸುಳ್ಳಿನಿಂದ ಪ್ಲಾಸ್ಟರಿನವರೆಗೂ ಎಲ್ಲ ಹೇಳಿದರು. ಕೇಳಿ ಮುಗಿಸಿದ ಚಂಪಾಬಾಯಿ, "ನಾಳಿಗಿ ಬರ್ತೀವಿ," ಎಂದರು. ಫೋನು ಕಟ್ಟಾಯಿತು. ಆ ದಿನ ರಾಚಯ್ಯನವರ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ದೇವರ ಜಗಲಿಯ ಮುಂದೆ ಲಿಂಗಪೂಜೆಗೆ ಕೂತ ಸುಗಂಧಾ ಹೊತ್ತಾದರೂ ಏಳಲಿಲ್ಲ.

ಮರುದಿನ ನಾನು ಅಲ್ಲಿರುವಾಗಲೇ ತಾಯಿ ಮಗ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ, ಮುಂದಿಟ್ಟ ಚಹಾ ಕೆನೆಗಟ್ಟಿತು. ಪ್ರಾಜಕ್ತಾ, ಯಾರೂ ಕರೆಯುವ ಮೊದಲೇ, ನನ್ನ ಹೆಗಲು ಹಿಡಿದು ನಡುಮನೆಯಲ್ಲಿ ನಿಂತಳು. ಒಂದು ಕಾಲು ಪ್ಲಾಸ್ಟರಿನಲ್ಲಿ, ಇನ್ನೊಂದು ಬರಿಗಾಲು.

"ನಾ ಇಷ್ಟೇ ಅದೀನ್ರೀ," ಎಂದಳು.

ಚಂಪಾಬಾಯಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸುಗಂಧಾಳ ಕಡೆ ತಿರುಗಿದರು.

"ಕಾಲು ಮುರದದ್ದು ಯಾವಾಗ?"

"ಗುರುವಾರ."

"ಶುಕ್ರವಾರ ಮತ್ತ ಹೀಲ ಹಾಕಸೀರಿ?"

ಸುಗಂಧಾ ಹೌದೆಂದು ತಲೆಯಾಡಿಸಿದಳು.

"ಹೆತ್ತಾಕಿ ನೀವು! ನಾವು ಅಷ್ಟು ಹೆದರ್ಸೀವೇನ್ರೀ ನಿಮಗ?"

"ಹೌದ್ರೀ," ಎಂದಳು ಸುಗಂಧಾ. "ನೀವು ಫೋನಿನಾಗ ಐದು ಫೂಟು ಅಂದ ದಿನದಿಂದ ನಾ ಸರಿಯಾಗಿ ಉಂಡಿಲ್ಲ. ನಿಮ್ಮ ಹೆದರಿಕಿಗಿ ನನ್ನ ಮಗಳ ಕಾಲು ನನಗ ಕಾಣಸ್ಲಿಲ್ಲ."

ಚಂಪಾಬಾಯಿಯ ಮುಖ ಸಣ್ಣದಾಯಿತು. ಸೆರಗು ಸರಿಮಾಡಿಕೊಂಡು ಅಲ್ಲೇ ಹಾಸಿದ ಜಮಖಾನದ ಮೇಲೆ ಕೂತರು. "ಸುಳ್ಳು ಬರೆಸಿದ್ದು ನಾ ಲಗೂನ ಮರೆಯಂಗಿಲ್ಲ," ಎಂದರು. "ಖರೆ, ಇಂಚು ಲೆಕ್ಕ ಹಾಕಿ ಕೇಳಿದ್ದು ನಂದೂ ತಪ್ಪದ. ಪ್ಲಾಸ್ಟರ್ ಬಿಚ್ಚಲಿ. ತಿಥಿ ಮುಂದ ಹಾಕಮು. ಈ ಲಗ್ನ ನಮಗ ಬೇಕು."

ಸುಗಂಧಾ ಗೊಳೋ ಎಂದು ಅತ್ತಳು. ರಾಚಯ್ಯ ಕೈ ಮುಗಿದರು. ಎಲ್ಲ ಮುಗಿಯಿತೆಂದು ನಾನೂ ಉಸಿರು ಬಿಟ್ಟೆ. ಆಗ ಪ್ರಾಜಕ್ತಾ ಮಾತಾಡಿದಳು.

"ನೀವು ನನ್ನ ಒಪ್ಪೀರಿ. ನನಗ ಯಾರೂ ಕೇಳಿಲ್ಲ. ನನ್ನ ಕಾಲಿನ ಮ್ಯಾಲ ನಾ ನಡಿಯಾಕ ಬಂದ ಮ್ಯಾಲ ನಾ ಹೇಳ್ತೀನ್ರೀ."

ಸುಗಂಧಾ ಗಾಬರಿಯಾಗಿ ಎದ್ದಳು. ಮಗಳ ಬಾಯಿ ಮುಚ್ಚಲು ಕೈ ಎತ್ತಿದ್ದಳೋ ಏನೋ. ಆದರೆ ಅವಳ ಕೈ ಮಗಳ ಸೊಂಟಕ್ಕೆ ಹೋಯಿತು. ನನ್ನನ್ನು ಸರಿಸಿ ತಾನೇ ಹೆಗಲು ಕೊಟ್ಟಳು. "ಹೌದು, ಆಕೀಗಿ ಕೇಳ್ರಿ," ಎಂದಳು.

"ಹೇಳ್ರಿ," ಎಂದ ಕೈಲಾಸ. "ನಾ ಕಾಯ್ತೀನಿ."

ಪ್ಲಾಸ್ಟರ್ ಬಿಚ್ಚಲು ಇನ್ನೂ ಎರಡು ವಾರ ಇದೆ. ಪ್ರಾಜಕ್ತಾ ಏನು ಹೇಳುತ್ತಾಳೋ ನನಗೂ ಗೊತ್ತಿಲ್ಲ, ಅವಳ ತಾಯಿಗೂ ಗೊತ್ತಿಲ್ಲ. ಇದನ್ನು ನಮ್ಮ ಹೆಂಗಸರ ಉಳಿತಾಯದ ಗುಂಪು ಬಚತ್ ಗಟದಲ್ಲಿ ಓದಲು ಬರೆಯುತ್ತೇನೆ ಎಂದಾಗ ಸುಗಂಧಾಳೇ, "ನನ್ನ ಹೆಸರು ಹಾಕೇ ಬರಿ," ಎಂದಳು.

ಅವ್ವಂದಿರೇ, ಅಕ್ಕಂದಿರೇ, ಹೀಲು ಹಾಕಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಒಂದು ದಿನ ಆಸೆಗೆ, ಹೌಸಿಗೆ ಹಾಕಿ, ಸಂಜೆ ಬಿಚ್ಚಿ. ಆದರೆ ದಿನವಿಡೀ ಹಾಕಿದರೆ ಮೀನಖಂಡ ಬಿಗಿಯುತ್ತದೆ, ಮೊಳಕಾಲು, ನಡು ನೋಯುತ್ತವೆ, ಹಸಿ ಕಲ್ಲಿನ ಮೇಲೆ ಕಾಲು ಹೊರಳುತ್ತದೆ. ಕಾಲು ಹೊರಳಿ ಬಾತರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ತಣ್ಣನೆಯ ಹಸಿ ಬಟ್ಟೆ ಹಾಕಿ, ದಿಂಬಿನ ಮೇಲೆ ಕಾಲಿಡಿ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಗಂಡಿನ ತಾಯಂದಿರೇ, ಫೋನಿನಲ್ಲಿ ಇಂಚು ಕೇಳುವಾಗ ಆ ಕಡೆ ಯಾರದೋ ಎದೆ ಒಡೆಯುತ್ತಿರುತ್ತದೆ. ಮತ್ತೆ ನೀವು, ಈಗ ಮಗಳ ಬಯೋಡಾಟಾ ಬರೆಯಲು ಕೂತವರು: ಎಷ್ಟಿದೆಯೋ ಅಷ್ಟೇ ಬರೆಯಿರಿ. ಬರೆದದ್ದನ್ನು ಬೇರೆ ಊರಿಗೆ ಕಳಿಸುವ ಮೊದಲು ಆಕೆಗೆ ಓದಿ ತೋರಿಸಿ, ಆಕೆಗೆ ಒಪ್ಪಿಗೆ ಇದೆಯೋ ಕೇಳಿ.